ಜೋಡಿಯಲ್ಲಿ ಒಂದನ್ನೇ ಬದಲಿಸಿದ್ದು

ನನ್ನ ಅಣ್ಣನ ಹೆಂಡತಿ, ನಮ್ಮ ವೈನಿ, ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು. ‘ನಿಮ್ಮ ಕೈಗುಣದಿಂದ ಅವರಿಗಿ ಸಾಲಿ ನೌಕರಿ ಸಿಕ್ತು ನೋಡ್ರಿ. ನೀವು ಆ ಮಷೀನು ರಿಪೇರಿ ಮಾಡಲಿಲ್ಲಂದ್ರ ಎರಡು ಹೆಣ್ಣುಮಕ್ಕಳನ್ನ ಕಟ್ಕೊಂಡು ಏನು ಮಾಡ್ತಿದ್ರು?’ ಬೀದರಿನ ಮನೆಯಲ್ಲಿ ಅವರ ಫೋಟೋದ ಮುಂದೆ ಕುಳಿತು ಇದನ್ನು ಕೇಳುವಾಗ, ಚಹಾದ ಕಪ್ಪು ಎತ್ತುವ ನೆಪ ಮಾಡಿ ನಾನು ಒಳಗೆ ಹೋಗುತ್ತಿದ್ದೆ. ವೈನಿ ಇದ್ದಾಗ ಯಾರಾದರೂ ಹೀಗೆ ಹೊಗಳಿದರೆ ಅವರು ನಕ್ಕು ಬೇರೆ ಮಾತು ತೆಗೆಯುತ್ತಿದ್ದರು. ಈಗ ಮಾತು ಬದಲಿಸುವವರು ಇಲ್ಲ. ಅದಕ್ಕೇ ಆ ಕೆಲಸ ಹೇಗೆ ನಡೆಯಿತೋ ಹಾಗೆಯೇ ಬರೆದಿಡುತ್ತಿದ್ದೇನೆ.

ಬೀದರ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಕಚೇರಿಗಳಲ್ಲಿ ಉರ್ದು ಹಿಂದೆ ಸರಿದು ಕನ್ನಡ ಬಂದಿತ್ತು. ಮೈಸೂರು ಕಡೆಯ ಸಾಹೇಬರು, ಡಾಕ್ಟರುಗಳು ಬದಲಿಯಾಗಿ ನಮ್ಮ ಕಡೆ ಬರುತ್ತಿದ್ದರು. ನನ್ನ ಅಣ್ಣ ಔರಾದಿನಲ್ಲಿ ಮಾಸ್ತರನಾಗಿದ್ದ. ಜ್ವರ ಬಂದು ವಾರದೊಳಗೆ ಹೋಗಿಬಿಟ್ಟ. ವೈನಿಯ ತವರು ಕಮಲನಗರ. ಅವರು ಓದಿದ್ದು ಮರಾಠಿ ಸಾಲೆಯಲ್ಲಿ. ಅಣ್ಣ ಹೋದ ಮೇಲೆ ಮಕ್ಕಳ ಪಾಟಿಯ ಮೇಲೆಯೇ ಕನ್ನಡ ಅಕ್ಷರ ತಿದ್ದಿ, ಪರೀಕ್ಷೆ ಕಟ್ಟಿ, ಪಾಸಾದರು. ಔರಾದಿನ ಸಾಲೆಗೆ ನೇಮಕದ ಆದೇಶವೂ ಬಂತು. ಉಳಿದದ್ದು ಒಂದೇ, ಮೈ ಆರೋಗ್ಯವಾಗಿದೆ ಎಂಬ ಡಾಕ್ಟರ ಸರ್ಟಿಫಿಕೇಟು. ತಿಂಗಳ ಕೊನೆಯೊಳಗೆ ಅದನ್ನು ಕೊಟ್ಟು ಹಾಜರಾಗದಿದ್ದರೆ ಆದೇಶ ರದ್ದು.

ಭಾಲ್ಕಿಯ ದವಾಖಾನೆಯಲ್ಲಿ ಡಾಕ್ಟರು ಅವರ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರಂತೆ. ನಡುನಡುವೆ ಒಂದು ಬಡಿತ ತಪ್ಪುತ್ತಿದೆ, ಇಸಿಜಿ ನೋಡದೆ ಬರೆದುಕೊಡಲಾರೆ ಎಂದರಂತೆ. ದವಾಖಾನೆಗೆ ಯಾರೋ ದಾನ ಕೊಟ್ಟಿದ್ದ ಇಸಿಜಿ ಮಷೀನು ಅಲ್ಲೇ ಇತ್ತು. ಮುಂಗಾರಿನಲ್ಲಿ ಹತ್ತಿರ ಸಿಡಿಲು ಬಿದ್ದಂದಿನಿಂದ ಅದು ಕೆಟ್ಟು, ಬಟ್ಟೆ ಹೊದ್ದು ಕುಳಿತಿತ್ತು. ಇಲ್ಲವಾದರೆ ಹೈದರಾಬಾದಿಗೆ ಹೋಗಬೇಕು.

‘ಹೈದರಾಬಾದ ಯಾಕ ವೈನಿ? ನಾ ನೋಡ್ತೇನಿ’ ಎಂದೆ.

ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಹತ್ತಿರ ನನ್ನ ರೇಡಿಯೋ ರಿಪೇರಿ ಅಂಗಡಿ. ಕಲಿತದ್ದು ವಾಲ್ವಿನ ರೇಡಿಯೋ, ಒಬ್ಬ ಉಸ್ತಾದರ ಕೈಕೆಳಗೆ. ಟ್ರಾನ್ಸಿಸ್ಟರು ಬಂದ ಮೇಲೆ, ಸಾಮಾನು ತರುತ್ತಿದ್ದ ಹೈದರಾಬಾದಿನ ಅಂಗಡಿಯವರು ಕೊಟ್ಟ ಪುಸ್ತಿಕೆ ಓದಿ ಕಲಿತಿದ್ದೆ. ಬೋರ್ಡಿನ ಮೇಲೆ ‘ಟ್ರಾನ್ಸಿಸ್ಟರ್ ತಜ್ಞರು’ ಎಂದು ಬರೆಸಿದ್ದೆ. ಆ ಬೋರ್ಡು ನೆನಪಾದರೆ ಈಗಲೂ ತಲೆ ತಗ್ಗುತ್ತದೆ.

ಭಾಲ್ಕಿಯ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಸಣ್ಣವರು. ನನ್ನ ಚೀಲ ನೋಡಿ, ‘ರೇಡಿಯೋ ಬೇರೆ, ಇದು ಬೇರೆ ಕಣ್ರೀ. ಆಗುತ್ತಾ ನಿಮ್ ಕೈಲಿ?’ ಎಂದು ಕೇಳಿದರು. ಅಲ್ಲಿನ ಕಂಪೌಂಡರು ನಮ್ಮ ಕಡೆಯವನೇ, ಬಾಯಿಬಡಕ. ‘ಬಿಡ್ರಿ ಸಾಹೇಬ, ಹ್ಯಾಂಗೂ ಸತ್ತದ್ದೇ ಅದ. ಇನ್ನೊಮ್ಮೆ ಕೊಲ್ಲಾಕ ಆಗಂಗಿಲ್ಲ’ ಎಂದ.

ಮುಚ್ಚಳ ಬಿಚ್ಚಿದೆ. ಮೊದಲ ಹಂತದಲ್ಲೇ ಎರಡು ಟ್ರಾನ್ಸಿಸ್ಟರುಗಳು ಅಕ್ಕಪಕ್ಕ ನಿಂತಿದ್ದವು. ಎರಡನ್ನೂ ಸೇರಿಸಿ ಒಂದು ಅಲ್ಯುಮಿನಿಯಮ್ ಪಟ್ಟಿ ಬಿಗಿದಿದ್ದರು. ಅವುಗಳ ಕೆಲಸ ಏನೆಂದು ಇಲ್ಲಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಎದೆಯ ಬಡಿತದಿಂದ ಎರಡು ಕೈಗಳ ನಡುವೆ ಹುಟ್ಟುವ ವೋಲ್ಟೇಜು ಒಂದು ವೋಲ್ಟಿನ ಸಾವಿರದಲ್ಲಿ ಒಂದು ಪಾಲಿನಷ್ಟು. ಗೋಡೆಯ ವೈರಿನಿಂದ, ತಲೆಯ ಮೇಲಿನ ಫ್ಯಾನಿನಿಂದ ನಮ್ಮ ಮೈ ಹಿಡಿದುಕೊಳ್ಳುವ ಕರೆಂಟಿನ ಗುಂಯ್‌ಗಾಟ ಅದಕ್ಕಿಂತ ಎಷ್ಟೋ ದೊಡ್ಡದು. ರೇಡಿಯೋದಲ್ಲಿರುವಂಥ ಆಂಪ್ಲಿಫೈಯರ್ ಹಾಕಿದರೆ ಎರಡನ್ನೂ ಹಿಗ್ಗಿಸುತ್ತದೆ, ಕಾಗದದ ಮೇಲೆ ಗುಂಯ್‌ಗಾಟವೇ ತುಂಬುತ್ತದೆ. ಆದರೆ ಗುಂಯ್‌ಗಾಟ ಎರಡೂ ಕೈಗಳಲ್ಲಿ ಒಂದೇ ಸಮ. ಬಡಿತ ಮಾತ್ರ ಎರಡರಲ್ಲಿ ಬೇರೆಬೇರೆ. ಜೋಡಿ ಟ್ರಾನ್ಸಿಸ್ಟರು ಹಿಡಿಯುವುದು ಆ ವ್ಯತ್ಯಾಸವನ್ನು. ಟ್ರಾನ್ಸಿಸ್ಟರಿಗೆ ಮೂರು ಕಾಲು: ಬೇಸ್, ಎಮಿಟರ್, ಕಲೆಕ್ಟರ್. ಒಂದರ ಬೇಸ್ ಕಾಲಿಗೆ ಬಲಗೈಯ ತಂತಿ, ಇನ್ನೊಂದರ ಬೇಸ್ ಕಾಲಿಗೆ ಎಡಗೈಯ ತಂತಿ. ಎರಡರ ಎಮಿಟರುಗಳನ್ನು ಒಂದೆಡೆ ಬೆಸೆದು, ಒಂದೇ ದೊಡ್ಡ ರೆಸಿಸ್ಟರಿನ ಮೂಲಕ ಮೈನಸ್ಸಿಗೆ ಕೊಟ್ಟಿರುತ್ತಾರೆ. ಆ ರೆಸಿಸ್ಟರಿನಲ್ಲಿ ಹರಿಯುವ ಕರೆಂಟು ಹೆಚ್ಚು ಕಡಿಮೆ ಗೊತ್ತುಪಡಿಸಿದಷ್ಟೇ. ಅದನ್ನು ಎರಡೂ ಹಂಚಿಕೊಳ್ಳಬೇಕು, ಸಣ್ಣ ಪೈಪಿಗೆ ಎರಡು ನಲ್ಲಿ ಕೂಡಿಸಿದ ಹಾಗೆ. ಒಂದಕ್ಕೆ ಹೆಚ್ಚು ಹೋದರೆ ಇನ್ನೊಂದಕ್ಕೆ ಅಷ್ಟೇ ಕಡಿಮೆ. ಎರಡೂ ಬೇಸುಗಳು ಒಟ್ಟಿಗೆ ಏರಿದರೆ ಎಮಿಟರುಗಳೂ ಜೊತೆಗೆ ಏರುತ್ತವೆ. ಪಾಲು ಬದಲಾಗುವುದಿಲ್ಲ, ಕಲೆಕ್ಟರುಗಳ ನಡುವೆ ಏನೂ ಕಾಣುವುದಿಲ್ಲ. ಒಂದು ಬೇಸು ಇನ್ನೊಂದಕ್ಕಿಂತ ಚೂರು ಏರಿದರೆ ಕರೆಂಟು ಅತ್ತ ವಾಲುತ್ತದೆ. ಆ ವಾಲಿದ್ದೇ ಹಿಗ್ಗಿ ಸೂಜಿಗೆ ಹೋಗಿ ಕಾಗದದ ಮೇಲೆ ಗೆರೆಯಾಗುತ್ತದೆ.

ಇದೆಲ್ಲ ನಡೆಯಬೇಕಾದರೆ ಎರಡೂ ಟ್ರಾನ್ಸಿಸ್ಟರುಗಳು ಒಂದೇ ತರ ಇರಬೇಕು, ಒಂದೇ ತರ ಬಿಸಿಯಾಗಬೇಕು. ಪುಸ್ತಿಕೆಯಲ್ಲಿ ಈ ಮಾತು ಇತ್ತು. ನಾನು ಓದಿಯೂ ಇದ್ದೆ.

ಜೋಡಿಯಲ್ಲಿ ಒಂದು ಸುಟ್ಟಿತ್ತು. ಮೀಟರು ಹಚ್ಚಿದರೆ ಎಲ್ಲ ಕಾಲುಗಳೂ ಒಂದಕ್ಕೊಂದು ಅಂಟಿಕೊಂಡಂತೆ ತೋರಿಸಿತು. ಇನ್ನೊಂದು ಚೆನ್ನಾಗಿತ್ತು. ನಮ್ಮ ಧಂದೆಯಲ್ಲಿ ಒಂದು ಪದ್ಧತಿ ಇದೆ. ಕೆಟ್ಟ ಸಾಮಾನನ್ನಷ್ಟೇ ತೆಗೆಯಬೇಕು, ಒಳ್ಳೆಯದನ್ನು ಮುಟ್ಟಬಾರದು. ತೆಗೆದದ್ದನ್ನು ಕಾಗದದಲ್ಲಿ ಸುತ್ತಿ ಗಿರಾಕಿಯ ಕೈಗೇ ಕೊಡಬೇಕು. ಗಂಜಿನ ದಲಾಲರು ರೇಡಿಯೋ ತಂದರೆ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ‘ಚಲೋ ಸಾಮಾನ ತಗದು ಹಳೇದು ಹಾಕಂಗಿಲ್ಲಲ್ಲ?’ ಎಂದು ಮುಖಕ್ಕೇ ಕೇಳುತ್ತಿದ್ದರು. ಒಂದನ್ನೇ ಬದಲಿಸಿದೆ ಎಂದು ತೋರಿಸುವುದೇ ನಮಗೆ ಮರ್ಯಾದೆ. ಅದೇ ಮರ್ಯಾದೆಯನ್ನು ನಾನು ಭಾಲ್ಕಿಗೂ ತೆಗೆದುಕೊಂಡು ಹೋಗಿದ್ದೆ. ಸುಟ್ಟದ್ದನ್ನು ತೆಗೆದೆ, ಅದೇ ನಂಬರಿಗೆ ಸಮೀಪದ ಇನ್ನೊಂದನ್ನು ಬೆಸೆದೆ. ಹೊಸದರ ಮೈ ತುಸು ದಪ್ಪ, ಅಲ್ಯುಮಿನಿಯಮ್ ಪಟ್ಟಿಯೊಳಗೆ ಕೂರಲಿಲ್ಲ. ಪಟ್ಟಿ ತೆಗೆದು ಪಕ್ಕಕ್ಕಿಟ್ಟೆ. ಅಲುಗಾಡದಿರಲಿ ಎಂದು ಹಾಕಿದ್ದಾರೆ, ಇಲ್ಲದಿದ್ದರೂ ನಡೆಯುತ್ತದೆ ಅಂದುಕೊಂಡೆ.

ಆಗ ಬೆಳಗಿನ ತಂಪು ಇನ್ನೂ ಇತ್ತು. ಕಂಪೌಂಡರನನ್ನೇ ಮಲಗಿಸಿ ಕೈಕಾಲಿಗೆ ಮಷೀನಿನ ತಂತಿಗಳ ತುದಿಯ ಲೋಹದ ತಟ್ಟೆ ಕಟ್ಟಿದೆ. ಗೆರೆ ಸ್ವಚ್ಛವಾಗಿ ಬಂತು. ಅಳತೆಗೆಂದು ಮಷೀನಿನಲ್ಲೇ ಒಂದು ಗುಂಡಿ ಇರುತ್ತದೆ, ಒತ್ತಿದರೆ ಸೂಜಿ ಇಷ್ಟೇ ಎತ್ತರ ಏರಬೇಕು. ಅಷ್ಟೇ ಏರಿತು. ಡಾಕ್ಟರು ನನ್ನ ಕೈ ಕುಲುಕಿದರು. ಸುಟ್ಟ ಟ್ರಾನ್ಸಿಸ್ಟರನ್ನು ಕಾಗದದಲ್ಲಿ ಸುತ್ತಿ ಅವರ ಮೇಜಿನ ಮೇಲಿಟ್ಟು, ‘ಒಂದೇ ಹೋಗಿತ್ರಿ ಸಾಹೇಬ. ಉಳಿದದ್ದು ಯಾವುದೂ ಮುಟ್ಟಿಲ್ಲ’ ಎಂದೆ.

ವೈನಿ ಔರಾದಿನಿಂದ ಬಸ್ಸು ಬದಲಿಸಿ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಲ್ಲಿಯವರೆಗೂ ಮಷೀನನ್ನು ಆರಿಸದೆ ಇಟ್ಟಿದ್ದೆ. ನರ್ಸಮ್ಮ ಪರದೆ ಎಳೆದು ತಟ್ಟೆಗಳನ್ನು ಕಟ್ಟಿದರು. ನಾನು ಪರದೆಯ ಅಂಚಿನಲ್ಲಿ ಮಷೀನಿನ ಬಳಿ ನಿಂತೆ. ಸೂಜಿ ಓಡಿತು, ಕಾಗದ ಹೊರಬಂತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಇನ್ನೊಮ್ಮೆ ತೆಗೆಸಿ ನೋಡಿದರು.

‘ನೋಡಿಮ್ಮ, ದೊಡ್ಡ ಅಲೆ ಆದ್ಮೇಲೆ ಈ ಗೆರೆ ಸಮ ಇರ್ಬೇಕು. ಇಲ್ಲಿ ಕೆಳಗೆ ಕೂತ್ಬಿಟ್ಟಿದೆ. ಎದೆಗೆ ರಕ್ತ ಸಾಲ್ತಾ ಇಲ್ಲ ಅನ್ಸುತ್ತೆ. ಫಿಟ್ ಅಂತ ಬರೆಯೋಕೆ ನನ್ನಿಂದ ಆಗಲ್ಲ.’

ವೈನಿ ಎದ್ದು ಕುಳಿತು ಸೆರಗು ಸರಿಮಾಡಿಕೊಂಡರು. ‘ದಿನಾ ಬಾವಿ ನೀರು ಸೇದ್ತೇನ್ರಿ. ಮಣ ಜ್ವಾಳ ಹೊತ್ತು ಗಿರಣಿಗಿ ಹೋಗ್ತೇನಿ. ನನಗ ಏನೂ ಆಗಂಗಿಲ್ರಿ.’

‘ಅದನ್ನೇ ಇನ್ನು ಮಾಡ್ಬೇಡಿ ಅಂತಿರೋದು’ ಎಂದರು ಡಾಕ್ಟರು, ಮೆಲ್ಲಗೆ.

ಹೊರಗೆ ಬಂದಾಗ ವೈನಿ ಅಳಲಿಲ್ಲ. ‘ಹುಡುಗೇರಿಗಿ ಹೇಳಬ್ಯಾಡ, ತಮ್ಮಾ’ ಎಂದಷ್ಟೇ ಹೇಳಿ ಔರಾದಿನ ಬಸ್ಸು ಹತ್ತಿದರು. ನಾನು ಸಣ್ಣ ಹುಡುಗನಾಗಿದ್ದಾಗಿಂದ ಅವರು ನನ್ನನ್ನು ‘ತಮ್ಮಾ’ ಎಂದೇ ಕರೆಯುತ್ತಿದ್ದರು.

ಕೆಲವು ದಿನ ಬಿಟ್ಟು, ಮಷೀನಿನ ಕಾಗದದ ಸುರುಳಿ ಕೊಡಲು ಭಾಲ್ಕಿಗೆ ಹೋದೆ. ಕಂಪೌಂಡರು ಬಾಗಿಲಲ್ಲೇ ಹಿಡಿದ.

‘ಉಸ್ತಾದ, ಏನು ಮಂತ್ರ ಹಾಕಿದಿ? ನಿನ್ನ ಮಷೀನು ಚಾಲೂ ಆದ ಮ್ಯಾಲ ಭಾಲ್ಕಿ ಮಂದಿಗೆಲ್ಲಾ ಎದಿ ರೋಗ ಹತ್ಯಾದ. ಹಲಬರ್ಗಾದ ಒಬ್ಬ ಒಕ್ಕಲುತನದವ, ಬೇವಿನ ಗಿಡದಂಗ ಗಟ್ಟಿ ಇದ್ದ, ಅವನಿಗೂ ಗೆರಿ ಕೆಳಗ. ಪೋಸ್ಟ್‌ಮ್ಯಾನಗೂ ಕೆಳಗ. ನನಗೊಬ್ಬಗೇ ಇಲ್ಲ. ನಾ ಏನು ಪುಣ್ಯ ಮಾಡಿದ್ದೆನೋ!’

ಸುತ್ತ ಕುಳಿತವರು ನಕ್ಕರು. ನನಗೆ ಸಿಟ್ಟು ಬಂತು. ‘ಮಷೀನು ಸುಳ್ಳು ಹೇಳಂಗಿಲ್ಲೋ. ಇದ್ದದ್ದು ತೋರಸ್ತದ’ ಎಂದೆ.

‘ಹಂಗಿದ್ರ ನಿಮ್ಮ ವೈನಿಗಿ ಖರೇನೇ ರೋಗ ಅದ ಅನ್ನು’ ಎಂದ ಅವನು, ನಗು ನಿಲ್ಲಿಸಿ.

ಸುರುಳಿ ಅವನ ಕೈಗಿಟ್ಟು ಬಂದೆ. ಬೀದರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಅವನ ಮಾತೇ ಕಿವಿಯಲ್ಲಿತ್ತು. ಮಷೀನು ಸರಿ ಎಂದು ನಾನು ಹಟ ಹಿಡಿದರೆ, ವೈನಿಯ ಎದೆ ಸರಿಯಿಲ್ಲ ಎಂದು ಹಟ ಹಿಡಿದಂತೆ. ಇದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಗೊತ್ತಾದ ಮೇಲೂ ಮನಸ್ಸು ಮಷೀನಿನ ಕಡೆಗೇ ನಿಂತಿತ್ತು. ನನಗೆ ಊಟ ಹಾಕಿ, ಜ್ವರ ಬಂದಾಗ ಹಣೆ ಒರೆಸಿದವರು ಅವರು. ಅವರು ಚೆನ್ನಾಗಿರಲಿ ಎನ್ನುವುದಕ್ಕಿಂತ ನನ್ನ ಬೆಸುಗೆ ಚೆನ್ನಾಗಿರಲಿ ಎಂದು ಆ ದಾರಿಯುದ್ದಕ್ಕೂ ಬಯಸಿದೆ. ಇದನ್ನು ಮೃದು ಮಾಡಿ ಹೇಳಲು ನನ್ನ ಹತ್ತಿರ ಪದಗಳಿಲ್ಲ.

ಮರುದಿನ ಅಂಗಡಿಯಲ್ಲಿ, ಕಂಪೌಂಡರನ ಬಾಯಿ ಮುಚ್ಚಿಸಬೇಕೆಂದೇ, ಪುಸ್ತಿಕೆಯಲ್ಲಿದ್ದ ಜೋಡಿಯನ್ನು ಹಲಗೆಯ ಮೇಲೆ ಕಟ್ಟಿದೆ. ಎರಡು ಟ್ರಾನ್ಸಿಸ್ಟರುಗಳೂ ಬೇರೆಬೇರೆ ಕಂಪನಿಯವು, ಬೇಕೆಂದೇ. ಎರಡು ಕಲೆಕ್ಟರುಗಳ ನಡುವೆ ಮೀಟರು ಹಚ್ಚಿ ತಿರುಪು ತಿರುವಿ ಮುಳ್ಳನ್ನು ಸೊನ್ನೆಗೆ ತಂದೆ. ನಿಂತಿತು. ಎರಡೂ ಬೇಸುಗಳನ್ನು ಕೂಡಿಸಿ ಏರಿಸಿದೆ, ಇಳಿಸಿದೆ. ಮುಳ್ಳು ಸ್ವಲ್ಪ ಮಾತ್ರ ಅಲುಗಿತು. ನೋಡು, ಬೇರೆಬೇರೆ ಇದ್ದರೂ ನಡೆಯುತ್ತದೆ ಎಂದು ಸಮಾಧಾನವಾಗಿ ಬೀಡಿ ಹಚ್ಚಿದೆ.

ಬೀಡಿ ಮುಗಿಯುವಷ್ಟರಲ್ಲಿ ಮುಳ್ಳು ಸೊನ್ನೆಯಲ್ಲಿರಲಿಲ್ಲ. ಮುಟ್ಟಿರಲಿಲ್ಲ ನಾನು. ನೋಡುತ್ತಿದ್ದ ಹಾಗೆಯೇ ಇನ್ನೂ ಸರಿಯಿತು. ಬೆಸುಗೆಯ ಕಾದ ಕಬ್ಬಿಣವನ್ನು ಹಲಗೆಯ ಎಡಪಕ್ಕದ ಸ್ಟ್ಯಾಂಡಿನಲ್ಲಿ ಇಟ್ಟಿದ್ದೆ, ಎಡಗಡೆಯ ಟ್ರಾನ್ಸಿಸ್ಟರಿನ ಪಕ್ಕಕ್ಕೇ. ಅದನ್ನು ದೂರ ಸರಿಸಿದೆ. ಮುಳ್ಳು ಮೆಲ್ಲಗೆ ಹಿಂದಕ್ಕೆ ಬಂತು. ಬಲಗಡೆಯದರ ಹತ್ತಿರ ತಂದೆ. ಮುಳ್ಳು ಉಲ್ಟಾ ಓಡಿತು. ಆಮೇಲೆ ಎರಡನ್ನೂ ಒಟ್ಟಿಗೆ ಒತ್ತಿ, ತಾಮ್ರದ ತಗಡು ಸುತ್ತಿ, ತಗಡಿಗೇ ಶಾಖ ತೋರಿಸಿದೆ. ಬಿಸಿ ಎರಡಕ್ಕೂ ಹಂಚಿಹೋಯಿತು. ಮುಳ್ಳು ಸರಿದದ್ದು ಮೊದಲಿನದರ ಒಂದು ಚೂರು ಮಾತ್ರ.

ಟ್ರಾನ್ಸಿಸ್ಟರು ಬಿಸಿಯಾದಂತೆ ಅದರ ಬೇಸ್ ಕಾಲಿಗೆ ಬೇಕಾದ ವೋಲ್ಟೇಜು ಇಳಿಯುತ್ತದೆ. ಎರಡರಲ್ಲೂ ಸಮನಾಗಿ ಇಳಿದರೆ ಜೋಡಿಗೆ ಅದು ಕಾಣುವುದೇ ಇಲ್ಲ. ಒಂದರಲ್ಲಿ ಹೆಚ್ಚು ಇಳಿದರೆ, ಜೋಡಿ ಅದನ್ನು ಎದೆಯಿಂದ ಬಂದದ್ದೆಂದೇ ತಿಳಿಯುತ್ತದೆ. ಒಂದು ಡಿಗ್ರಿಯ ವ್ಯತ್ಯಾಸ ಎದೆಯ ಬಡಿತಕ್ಕಿಂತ ದೊಡ್ಡದು. ಭಾಲ್ಕಿಯ ಮಷೀನಿನಲ್ಲಿ ನಾನು ಹಾಕಿದ ಹೊಸದು ಟ್ರಾನ್ಸ್‌ಫಾರ್ಮರಿನ ಮಗ್ಗುಲಿಗೇ ಇತ್ತು. ಬೆಳಿಗ್ಗೆ ತಂಪಿನಲ್ಲಿ ಎರಡೂ ಸಮ. ಮಧ್ಯಾಹ್ನದವರೆಗೆ ಚಾಲೂ ಇಟ್ಟರೆ ಹೊಸದು ಕಾದು ಜೋಡಿ ಒಂದು ಕಡೆ ವಾಲಿ, ಮುಂದಿನ ಹಂತ ಅಂಚಿಗೆ ಹೋಗಿ ನಿಲ್ಲುತ್ತದೆ, ಅಲೆಯ ಕೆಳಗಿನ ಆಕಾರ ಕೆಡುತ್ತದೆ. ಅಳತೆಯ ಗುಂಡಿ ಸೂಜಿಯನ್ನು ಮೇಲಕ್ಕಷ್ಟೇ ಎತ್ತುತ್ತದೆ. ಅದರಲ್ಲಿ ಈ ದೋಷ ಕಾಣುವುದಿಲ್ಲ. ಕಂಪೌಂಡರು ಪುಣ್ಯ ಮಾಡಿದ್ದಲ್ಲ, ಬೆಳಿಗ್ಗೆ ಮಲಗಿದ್ದ. ನಾನು ಪಕ್ಕಕ್ಕಿಟ್ಟ ಅಲ್ಯುಮಿನಿಯಮ್ ಪಟ್ಟಿ ಅಲುಗದಂತೆ ಹಾಕಿದ್ದಲ್ಲ. ಎರಡೂ ಒಂದೇ ಬಿಸಿಯಲ್ಲಿರಲಿ ಎಂದು ಹಾಕಿದ್ದು.

ಸದ್ದಿಲ್ಲದೆ ಹೋಗಿ, ಎಣ್ಣೆ ಹಾಕುವ ನೆಪದಲ್ಲಿ ಎಲ್ಲ ಸರಿಮಾಡಿ, ‘ವೈನಿಯನ್ನು ಇನ್ನೊಮ್ಮೆ ನೋಡ್ರಿ’ ಎಂದರೆ ಮುಗಿಯುತ್ತಿತ್ತು. ಆ ಯೋಚನೆ ಬಂತು. ಆದರೆ ಹಲಬರ್ಗಾದವನೂ ಪೋಸ್ಟ್‌ಮ್ಯಾನನೂ ಇದ್ದರು. ಅವರ ಹೆಸರು ನನಗೆ ಗೊತ್ತಿರಲಿಲ್ಲ, ಮನೆ ಗೊತ್ತಿರಲಿಲ್ಲ. ಡಾಕ್ಟರಿಗೆ ಹೇಳದೆ ಅವರನ್ನು ತಲುಪುವ ದಾರಿ ಇರಲಿಲ್ಲ. ಬಾಗಿಲು ಹಾಕಿ ಮೊದಲ ಬಸ್ಸಿಗೆ ಭಾಲ್ಕಿಗೆ ಹೊರಟೆ.

ಡಾಕ್ಟರ ಕೋಣೆಯಲ್ಲಿ ರೋಗಿಗಳಿದ್ದರು. ಅವರು ಹೋಗಲಿ ಎಂದು ಕಾಯುತ್ತ ನಿಂತರೆ ಧೈರ್ಯವೇ ಹೋಗುತ್ತದೆ ಅನ್ನಿಸಿ ಅಲ್ಲೇ ಹೇಳಿದೆ.

‘ಸಾಹೇಬ, ಮಷೀನು ತಪ್ಪು ತೋರಸ್ಲತ್ಯಾದ್ರಿ. ರಿಪೇರಿ ನಾ ತಪ್ಪು ಮಾಡೀನ್ರಿ. ಮಧ್ಯಾಹ್ನ ತಗದದ್ದು ಯಾವುದೂ ನಂಬಬ್ಯಾಡ್ರಿ.’

ಅವರು ಪೆನ್ನು ಕೆಳಗಿಟ್ಟರು. ‘ಏನ್ರೀ ಹೇಳ್ತಿದೀರಾ? ಅದನ್ನ ನೋಡ್ಕೊಂಡು ನಾನು ಜನಕ್ಕೆ ರೋಗ ಇದೆ ಅಂತ ಹೇಳಿದೀನಿ ಕಣ್ರೀ.’

‘ಹೌದ್ರಿ.’

‘ನಿಮ್ಮ ಅತ್ತಿಗೆಗೂ ಹೇಳಿದೀನಿ.’

‘ಹೌದ್ರಿ.’

ಅವರು ಇನ್ನೂ ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡು, ‘ಕೊಳವೇಲಿ ಕೇಳಿದಾಗ ಅಷ್ಟೇನೂ ಇರ್ಲಿಲ್ಲ. ಕಾಗದ ಬಂತಲ್ಲ ಅಂತ ನನ್ನ ಕಿವೀನ ಬಿಟ್ಟೆ’ ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಈ ಸಲ ಒಳ್ಳೆಯದನ್ನೂ ಕಿತ್ತೆ. ಅಂಗಡಿಯಲ್ಲಿದ್ದ ಒಂದೇ ಕಂಪನಿಯ, ಒಂದೇ ನಂಬರಿನ ಟ್ರಾನ್ಸಿಸ್ಟರುಗಳನ್ನೆಲ್ಲ ತಂದಿದ್ದೆ. ಒಂದೊಂದನ್ನೂ ಒಂದೇ ಸರ್ಕ್ಯೂಟಿನಲ್ಲಿ ಕೂರಿಸಿ, ಅಷ್ಟೇ ಕರೆಂಟು ಹರಿಸಿ, ಬೇಸ್ ಕಾಲಿಗೆ ಎಷ್ಟು ವೋಲ್ಟೇಜು ಬೇಕಾಗುತ್ತದೆ, ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂದು ಅಳೆದೆ. ಬೆರಳಲ್ಲಿ ಹಿಡಿದರೆ ಬೆರಳಿನ ಶಾಖಕ್ಕೇ ಅಳತೆ ಓಡುತ್ತಿತ್ತು. ಇಕ್ಕಳದಲ್ಲಿ ಕೂರಿಸಿ, ಕೈ ತೆಗೆದು, ತಣ್ಣಗಾಗುವವರೆಗೆ ಸುಮ್ಮನೆ ಕಾಯಬೇಕು. ತಾಳ್ಮೆಯ ಕೆಲಸ. ಕೊನೆಗೆ ಎರಡೂ ಅಳತೆ ಕೂಡಿದ ಒಂದು ಜೋಡಿ ಸಿಕ್ಕಿತು. ತಾಮ್ರದ ಹಳೆಯ ಹಂಡೆಯಿಂದ ಕತ್ತರಿಸಿ ತಂದ ತಗಡನ್ನು ಎರಡರ ಮೈಗೂ ಬಿಗಿಯಾಗಿ ಸುತ್ತಿ ತಿರುಪು ಹಾಕಿದೆ. ಟ್ರಾನ್ಸ್‌ಫಾರ್ಮರಿನ ಕಡೆಗೆ ಒಂದು ರಟ್ಟಿನ ಅಡ್ಡಗೋಡೆ ನಿಲ್ಲಿಸಿದೆ. ಮುಚ್ಚಳ ಹಾಕಿ, ಮರುದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಚಾಲೂ ಇಟ್ಟು, ಕಾದ ಮಷೀನಿನಲ್ಲೇ ಕಂಪೌಂಡರನನ್ನು ಮಲಗಿಸಿದೆ.

‘ಈಗ ನನಗೂ ರೋಗ ಬಂದ್ರ?’ ಎಂದ.

ಬರಲಿಲ್ಲ. ತಂಪಿನಲ್ಲಿ ಬಂದಿದ್ದ ಅಲೆಯೇ ಬಿಸಿಯಲ್ಲೂ ಬಂತು.

ಡಾಕ್ಟರು ಹೇಳಿಕಳಿಸಿದವರಲ್ಲಿ ಮೊದಲು ಬಂದವನು ಹಲಬರ್ಗಾದ ರೈತ. ಅವನ ಗೆರೆ ಸಮವಾಗಿ ಬಂದದ್ದು ಕೇಳಿ ಚಪ್ಪಲಿ ಮೆಟ್ಟಿಕೊಳ್ಳುತ್ತ ನನ್ನ ಕಡೆ ತಿರುಗಿದ. ‘ಏ ರೇಡಿಯೋ ಸಾಹೇಬ, ಎತ್ತು ಅಳಿಯಗ ಕೊಟ್ಟು ಕಟ್ಟಿ ಮ್ಯಾಲ ಕುಂತಿದ್ದೆ ನಾ. ಹೇಂತಿ ರಾತ್ರಿ ಎದ್ದೆದ್ದು ನನ್ನ ಮೂಗಿಗಿ ಕೈ ಹಿಡದು ನೋಡ್ಲತ್ತಿದ್ದಳು. ಅಕಿಗಿ ನೀನೇ ಬಂದು ಹೇಳು ಬಾ!’ ಎಲ್ಲರೂ ನಕ್ಕರು. ನಾನು ಕೈ ಮುಗಿದೆ. ಪೋಸ್ಟ್‌ಮ್ಯಾನನ ಗೆರೆಯೂ ಸರಿಹೋಯಿತು. ಅವನು ಟಪಾಲಿನ ಚೀಲ ಹೆಗಲಿಗೇರಿಸಿ ಸೈಕಲ್ಲು ಹತ್ತಿ ಹೋದ.

ವೈನಿ ಬಂದರು. ತಪ್ಪು ನನ್ನದೆಂದು ಹೇಳಿದೆ. ಅವರು ಸಿಟ್ಟಾಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ‘ಮೊದಲ ಮಷೀನು ಚಲೋ ಆತು ಅಂದಿ, ಆಮ್ಯಾಲ ನನ್ನ ಎದಿ ಕೆಟ್ಟದ ಅಂದ್ರು, ಈಗ ಮಷೀನೇ ಕೆಟ್ಟಿತ್ತು ಅಂತಿ. ಇನ್ನೊಮ್ಮೆ ಕೆಟ್ಟದ್ದೇ ಬಂದ್ರ, ತಮ್ಮಾ?’ ಎಂದು ಕೇಳಿದರು.

‘ಬಂದ್ರ ಅದು ಖರೆ ಇರ್ತದ್ರಿ ವೈನಿ’ ಎಂದೆ. ಈ ಸಲ ಮಷೀನು ತಪ್ಪಾಗಿದ್ದರೂ ಪರವಾಗಿಲ್ಲ, ಅವರದು ಸರಿ ಬರಲಿ ಎಂದು ಬೇಡಿಕೊಂಡೆ. ತಡವಾಗಿ ಬಂದ ಪ್ರಾರ್ಥನೆ ಅದು.

ಮಧ್ಯಾಹ್ನದ ಹೊತ್ತೇ ತೆಗೆದರು. ಡಾಕ್ಟರು ಕಾಗದವನ್ನು ಮಾರುದ್ದ ಬಿಡಿಸಿ ನೋಡಿ, ಮತ್ತೆ ಎದೆಗೆ ಕೊಳವೆ ಇಟ್ಟು ಕಣ್ಣು ಮುಚ್ಚಿ ಕೇಳಿ, ಹೇಳಿದರು: ‘ಅಲ್ಲೊಂದು ಇಲ್ಲೊಂದು ಬಡಿತ ಮುಂಚೆ ಬರ್ತಾ ಇದೆ, ಅಷ್ಟೇ. ನಿದ್ದೆಗೆಟ್ಟವರಿಗೆ, ಚಿಂತೆ ಮಾಡೋರಿಗೆ ಬರುತ್ತೆ. ಹೋಗಿ ಪಾಠ ಮಾಡಿಮ್ಮ.’ ಅಲ್ಲೇ ಸಹಿ ಹಾಕಿದರು. ಅವಧಿ ಇನ್ನೂ ಮುಗಿದಿರಲಿಲ್ಲ.

ಅವರನ್ನು ಬಿಡಲು ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಔರಾದಿನ ಬಸ್ಸು ನಿಂತಿತ್ತು, ಡ್ರೈವರು ಬಂದಿರಲಿಲ್ಲ. ವೈನಿ ಕಿಟಕಿಯ ಪಕ್ಕ ಕುಳಿತರು. ನಾನು ಕೆಳಗೆ ನಿಂತೆ.

‘ಒಂದು ಕೇಳ್ಲಾ?’ ಎಂದರು. ‘ಮೊದಲನೇ ಸಲ ಮಲಗಿದಾಗ ನನಗ ಕಾಗದ ಕಾಣ್ತಿರಲಿಲ್ಲ. ನಿನ್ನ ಮಾರಿ ಒಂದೇ ಕಾಣ್ತಿತ್ತು. ನೀ ನಗ್ಲತ್ತಿದ್ದಿ. ಅದನ್ನ ನೋಡಿ, ನಾ ಚಲೋ ಇದ್ದೀನಿ ಅಂತ ತಿಳಕೊಂಡೆ. ಡಾಕ್ಟರು ಹಂಗ ಹೇಳಿದ್ರಲ್ಲ, ಆಗ ಔರಾದ ತನಕ ಅದೇ ಯೋಚನಿ. ಇಂವ ಯಾಕ ನಕ್ಕ?’

ನನಗೆ ನಕ್ಕದ್ದು ನೆನಪಿರಲಿಲ್ಲ. ಅವರು ಹೇಳಿದ ಮೇಲೆ ನೆನಪಾಯಿತು.

‘ಗುಂಯ್‌ಗಾಟ ಹೋಗಿತ್ರಿ ವೈನಿ’ ಎಂದೆ. ‘ಮ್ಯಾಲ ಫ್ಯಾನು ತಿರಗ್ಲತ್ತಿತ್ತು, ಆದ್ರೂ ಕಾಗದದ ಮ್ಯಾಲ ಅದರ ಗುರುತೇ ಇರಲಿಲ್ಲ. ಅದಕ್ಕ.’

‘ಹೌದೇನು’ ಎಂದರು ವೈನಿ.

ಡ್ರೈವರು ಬಂದು ಹತ್ತಿದ. ವೈನಿ ಕಿಟಕಿಯಿಂದ ಕೈ ಚಾಚಿ ನನ್ನ ಭುಜದ ಮೇಲಿದ್ದ ಬೆಸುಗೆಯ ಮಸಿಯನ್ನು ಒರೆಸಿ, ಬಸ್ಸು ಅಲುಗಿದಾಗ ಕೈ ಒಳಗೆ ತೆಗೆದುಕೊಂಡರು.